ಕಲ್ಲು ಹಾಕುವವರು ಮರಳಿನ ಲೆಕ್ಕ ಕೊಡಲಿ

ಮರಳಿನ ಮೇಲೆ ಮನೆ ಕಟ್ಟಿದ ಅವಿವೇಕಿಯ ಸಾಮತಿಯನ್ನು ನಾವೆಲ್ಲರೂ ಧರ್ಮೋಪದೇಶದ ತರಗತಿಗಳಲ್ಲಿ ಕೇಳಿ ಬೆಳೆದವರು. ಬಂಡೆಯ ಮೇಲೆ ಕಟ್ಟಿದವನ ಮನೆ ನಿಂತಿತು, ಮರಳಿನ ಮೇಲೆ ಕಟ್ಟಿದವನದು ಉರುಳಿತು. ಸಾಮತಿಯ ಅರ್ಥದ ಬಗ್ಗೆ ನಮ್ಮದೇನೂ ತಕರಾರಿಲ್ಲ. ಆದರೆ ಉಳ್ಳಾಲದ ಕಡಲತಡಿಯಲ್ಲಿ ಮನೆ ಕಳೆದುಕೊಂಡ ಕುಟುಂಬವೊಂದರ ಮುಂದೆ ಅದನ್ನು ಹೇಳಹೊರಟರೆ ನಾಲಗೆ ಕೊಂಚ ತಡವರಿಸುತ್ತದೆ. ಏಕೆಂದರೆ ಅಲ್ಲಿ ಮನೆಗಳನ್ನು ತಲೆಮಾರುಗಳ ಕಾಲ ಕಾಯ್ದದ್ದು ಮರಳು. ಆ ಮರಳು ಜಾರಿಹೋಗಲು ಒಂದು ಕಾರಣ, ಮನುಷ್ಯನು ಲೆಕ್ಕವಿಲ್ಲದೆ ಸಮುದ್ರಕ್ಕೆ ಸುರಿದ ಬಂಡೆ.

ಪ್ರತಿ ವರ್ಷ ಜೂನ್ ತಿಂಗಳಲ್ಲಿ ಪತ್ರಿಕೆಗಳಲ್ಲಿ ಒಂದೇ ಬಗೆಯ ಚಿತ್ರಗಳು ಅಚ್ಚಾಗುತ್ತವೆ. ಬೇರು ಮೇಲಾಗಿ ಬಿದ್ದ ತೆಂಗಿನ ಮರಗಳು, ಅರ್ಧ ಮುರಿದ ಜಗಲಿ, ಕೊಡೆ ಹಿಡಿದು ನಿಂತ ಅಧಿಕಾರಿಗಳು, ಕಲ್ಲು ತುಂಬಿದ ಲಾರಿಗಳ ಸಾಲು. ತುರ್ತು ಕಾಮಗಾರಿ ಎಂಬ ಹೆಸರಿನಲ್ಲಿ ಬಂಡೆಗಳು ಸಮುದ್ರಕ್ಕೆ ಹೋಗುತ್ತವೆ, ಬಿಲ್ಲುಗಳು ಖಜಾನೆಗೆ ಹೋಗುತ್ತವೆ. ಮುಂದಿನ ವರ್ಷದ ಜೂನ್‌ನಲ್ಲಿ ಅದೇ ಜಾಗದಲ್ಲಿ, ಇಲ್ಲವೇ ಅದರ ಪಕ್ಕದ ಜಾಗದಲ್ಲಿ, ಅದೇ ಚಿತ್ರ. ಹಾಕಿದ ಕಲ್ಲು ಎಲ್ಲಿ ಹೋಯಿತೆಂದು ಕೇಳುವವರಿದ್ದಾರೆ. ಹೋದ ಮರಳು ಎಲ್ಲಿ ಹೋಯಿತೆಂದು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆಯೇ ಮುಖ್ಯವೆಂಬುದು ನಮ್ಮ ಅಭಿಪ್ರಾಯ.

ದಡದ ಮರಳು ನಿಂತಲ್ಲೇ ನಿಲ್ಲುವ ವಸ್ತುವಲ್ಲ. ಅಲೆಗಳು ದಡಕ್ಕೆ ನೇರವಾಗಿ ಬಡಿಯದೆ ಓರೆಯಾಗಿ ಬಂದು ಬಡಿಯುವಾಗ ಮರಳಿನ ಕಣಗಳು ದಡದುದ್ದಕ್ಕೂ ಹೆಜ್ಜೆಹೆಜ್ಜೆಯಾಗಿ ಸಾಗುತ್ತವೆ. ಕಣ್ಣಿಗೆ ಕಾಣದ ಹೊಳೆಯೊಂದು ತೀರಕ್ಕೆ ಸಮಾನಾಂತರವಾಗಿ ಹರಿಯುತ್ತಿದೆ ಎಂದು ಭಾವಿಸಿದರೆ ತಪ್ಪಾಗದು. ಇದಲ್ಲದೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಇನ್ನೊಂದು ಚಲನೆಯೂ ಉಂಟು. ಮಳೆಗಾಲದ ದೊಡ್ಡ ಅಲೆಗಳು ದಡದ ಮರಳನ್ನು ಎಳೆದೊಯ್ದು ಸ್ವಲ್ಪ ಆಳದಲ್ಲಿ ದಿಬ್ಬವಾಗಿ ಪೇರಿಸುತ್ತವೆ. ಮುಂದೆ ಬರುವ ಅಲೆಗಳು ಆ ದಿಬ್ಬದ ಮೇಲೆಯೇ ಮುರಿದು ಶಕ್ತಿಗುಂದುತ್ತವೆ. ಮಳೆ ಕಳೆದು ಸಮುದ್ರ ಶಾಂತವಾದ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ಮರಳಿ ದಡಕ್ಕೆ ತಂದುಹಾಕುತ್ತವೆ. ಬೀಚು ಮಳೆಗಾಲದಲ್ಲಿ ತೆಳ್ಳಗಾಗಿ ಬೇಸಗೆಯಲ್ಲಿ ಮೈತುಂಬಿಕೊಳ್ಳುವುದನ್ನು ಕೈರಂಪಣಿಯ ಹಿರಿಯರು ಯಾವ ಪುಸ್ತಕವನ್ನೂ ಓದದೆ ಬಲ್ಲರು. ಬಲೆ ಎಳೆಯಲು, ದೋಣಿ ಏರಿಸಲು, ಮೀನು ಒಣಗಿಸಲು ಅವರಿಗೆ ಆ ಮರಳೇ ಅಂಗಳ.

ಈ ಮರಳಿನ ಹೊಳೆಗೆ ಅಡ್ಡಲಾಗಿ ಸಮುದ್ರದೊಳಕ್ಕೆ ಕಲ್ಲಿನ ಕಟ್ಟೆಯೊಂದನ್ನು ಕಟ್ಟಿದರೆ ಏನಾಗುವುದೆಂಬುದು ಗುಟ್ಟಿನ ವಿದ್ಯೆಯೇನಲ್ಲ. ಹೊಳೆ ಬರುವ ಕಡೆಯಲ್ಲಿ ಮರಳು ಶೇಖರವಾಗುತ್ತದೆ, ಆಚೆ ಕಡೆಗೆ ಮರಳು ತಲುಪದೆ ದಡ ಸವೆಯುತ್ತದೆ. ಮದರಾಸಿನಲ್ಲಿ 1870ರ ದಶಕದಲ್ಲಿ ಕೃತಕ ಬಂದರಿನ ನಿರ್ಮಾಣ ಆರಂಭವಾದ ಮೇಲೆ ಅದರ ದಕ್ಷಿಣಕ್ಕೆ ಮರಳು ಕೂಡಿ ಮರೀನಾ ಬೀಚು ವಿಶಾಲವಾಯಿತು. ಉತ್ತರದಲ್ಲಿ ರಾಯಪುರಂ ಕಡೆಯ ಮೀನುಗಾರರ ದಡವನ್ನು ಸಮುದ್ರ ನುಂಗತೊಡಗಿತು. ಪ್ರವಾಸಕ್ಕೆ ಹೋದ ನಾವೆಲ್ಲ ಮರೀನಾದಲ್ಲಿ ಕಡಲೆ ತಿಂದು ಚಿತ್ರ ತೆಗೆಸಿಕೊಂಡು ಬಂದವರೇ. ಆ ವೈಶಾಲ್ಯಕ್ಕೆ ಬೆಲೆ ತೆತ್ತವರು ಕೆಲವೇ ಮೈಲಿ ಉತ್ತರದಲ್ಲಿದ್ದರು. ಪುದುಚೇರಿಯಲ್ಲಿ 1980ರ ದಶಕದ ಉತ್ತರಾರ್ಧದಲ್ಲಿ ಬಂದರಿನ ಅಲೆತಡೆಗಳು ಎದ್ದುನಿಂತಾಗಲೂ ಇದೇ ಕಥೆ ಪುನರಾವರ್ತನೆಯಾಯಿತು. ಪಟ್ಟಣದ ಮುಂದಿನ ಬೀಚು ಮಾಯವಾಯಿತು. ಅದರ ಬದಲಿಗೆ ಬಂಡೆಗಳನ್ನು ಪೇರಿಸಿದಾಗ ಕೊರೆತವು ಉತ್ತರಕ್ಕೆ ಸರಿದು ತಮಿಳುನಾಡಿನ ಮೀನುಗಾರ ಗ್ರಾಮಗಳನ್ನು ಮುಟ್ಟಿತು. ಒಂದು ಸರ್ಕಾರ ಕಟ್ಟಿದ ಗೋಡೆ ಇನ್ನೊಂದು ಸರ್ಕಾರದ ತಲೆನೋವಾಯಿತು.

ತಡೆಗೋಡೆಯ ಸ್ವಭಾವವೇ ಹಾಗೆ. ಇಳಿಜಾರಾದ ಮರಳಿನ ದಡ ಅಲೆಯ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಕಲ್ಲಿನ ಗೋಡೆ ಅದನ್ನು ಹಿಂದಕ್ಕೆ ಎಸೆಯುತ್ತದೆ. ಹಿಮ್ಮರಳಿದ ಅಲೆ ಗೋಡೆಯ ಬುಡದ ಮರಳನ್ನೇ ಕೆದಕುತ್ತದೆ, ಬುಡ ಸಡಿಲವಾಗಿ ಕಲ್ಲುಗಳು ಇಳಿಯುತ್ತವೆ, ಮತ್ತೆ ಕಲ್ಲು ಬೇಕಾಗುತ್ತದೆ. ಗೋಡೆ ಎಲ್ಲಿ ಮುಗಿಯುವುದೋ ಅದರಾಚೆಯ ಮನೆಗೆ ಕೊರೆತ ಹೆಚ್ಚುತ್ತದೆ. ಆ ಮನೆಯವರು ತಮಗೂ ಗೋಡೆ ಬೇಕೆಂದು ಅರ್ಜಿ ಹಿಡಿದು ನಿಲ್ಲುವುದು ಸಹಜವೇ. ಅವರನ್ನು ದೂರುವಂತಿಲ್ಲ. ಗೋಡೆಯ ಹಿಂದಿರುವ ಮನೆಗೆ ಅದು ನಿಜವಾದ ಆಸರೆ. ಬೇರೆ ದಾರಿ ತೋರಿಸದೆ ಗೋಡೆ ಬೇಡವೆನ್ನುವುದು ಕ್ರೂರ. ಆದರೆ ಈ ಸರಪಣಿಯ ಮೊದಲ ಕೊಂಡಿಯನ್ನು ಹಾಕಿದವರು ಯಾರು, ಅವರು ನೆರೆಯ ದಡದ ಬಗ್ಗೆ ಯೋಚಿಸಿದ್ದರೇ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಇನ್ನೊಂದು ಮಾತು: ಆ ಕಲ್ಲುಗಳೂ ಆಕಾಶದಿಂದ ಉದುರುವುದಿಲ್ಲ. ಘಟ್ಟದ ಕೆಳಗಿನ ಯಾವುದೋ ಗುಡ್ಡ ಕರಗಿ, ಯಾವುದೋ ಊರಿನ ಬಾವಿ ಬತ್ತಿ, ಯಾರದೋ ಮನೆಯ ಗೋಡೆ ಬಿರುಕುಬಿಟ್ಟು ಅವು ಸಮುದ್ರ ಸೇರುತ್ತವೆ.

ಇಷ್ಟನ್ನು ಹೇಳಿದ ಮಾತ್ರಕ್ಕೆ ಸಮುದ್ರದಲ್ಲಿ ಏನನ್ನೂ ಕಟ್ಟಬಾರದೆಂಬುದು ನಮ್ಮ ವಾದವೆಂದು ಯಾರೂ ತಿಳಿಯಬಾರದು. ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡುವ ಅಳಿವೆ ಬಾಗಿಲಲ್ಲಿ ಮರಳದಿಣ್ಣೆಗೆ ಸಿಕ್ಕಿ ಮಗುಚಿದ ದೋಣಿಗಳ ದುಃಖವನ್ನು ಮಂಗಳೂರಿನ ಮೀನುಗಾರರು ಬಲ್ಲರು. ಅಲ್ಲಿ ಅಲೆತಡೆ ಬೇಕಿತ್ತು, ಅದು 1990ರ ದಶಕದಲ್ಲಿ ಬಂತು. ಬಂದ ಮೇಲೆ ದಕ್ಷಿಣದ ಉಳ್ಳಾಲದ ದಡ ಕೃಶವಾಯಿತು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದೊಂದಿಗೆ 2010ರಲ್ಲಿ ಮಂಜೂರಾದ ಕರಾವಳಿ ಸಂರಕ್ಷಣಾ ಯೋಜನೆಯಡಿ ಅಲ್ಲಿನ ಅಲೆತಡೆಗಳನ್ನು ಸರಿಪಡಿಸಿ, ದಡದಿಂದ ದೂರದಲ್ಲಿ ನೀರಿನೊಳಗೆ ಕೃತಕ ಬಂಡೆಸಾಲುಗಳನ್ನೂ ದಡದ ಬಳಿ ಕಲ್ಲಿನ ದಿಣ್ಣೆಗಳನ್ನೂ ನಿರ್ಮಿಸಲಾಯಿತು. ಅಲೆಯನ್ನು ದಡದಲ್ಲಿ ಎದುರಿಸುವ ಬದಲು ದೂರದಲ್ಲೇ ಮುರಿಯುವ ಈ ಚಿಂತನೆ ಬರಿಯ ಗೋಡೆಗಿಂತ ಮೇಲು. ಆದರೂ ಇನ್ನೂ ದಕ್ಷಿಣಕ್ಕಿರುವ ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿಗಳಿಂದ ಅನಂತರದ ಮಳೆಗಾಲಗಳಲ್ಲಿಯೂ ಮನೆ, ರಸ್ತೆ ಕೊಚ್ಚಿಹೋದ ಸುದ್ದಿಗಳು ಬಂದಿವೆ. ಕೆಲಸ ಎರಡು ಗ್ರಾಮಗಳ ಗಡಿಯಲ್ಲಿ ಮುಗಿಯಬಹುದು, ಮರಳಿನ ಹೊಳೆಗೆ ಗ್ರಾಮದ ಗಡಿ ತಿಳಿಯದು.

ಕಥೋಲಿಕ ಕುಟುಂಬಗಳು ಓದುವ ಈ ಅಂಕಣದಲ್ಲಿ ವಿಳಿಂಜಂ ಹೆಸರನ್ನು ಎತ್ತದೆ ಮುಂದೆ ಹೋಗುವುದು ಸಾಧ್ಯವಿಲ್ಲ. ತಿರುವನಂತಪುರದ ದಕ್ಷಿಣಕ್ಕಿರುವ ಈ ಊರಿನಲ್ಲಿ ದಡದ ಸಮೀಪದಲ್ಲೇ ಸಮುದ್ರ ಸಹಜವಾಗಿ ಆಳವಾಗಿದೆ. ದೊಡ್ಡ ಕಂಟೇನರ್ ಹಡಗುಗಳಿಗೆ ಯೋಗ್ಯವಾದ ಜಾಗ. ದೇಶಕ್ಕೆ ಅಂಥದ್ದೊಂದು ಬಂದರು ಬೇಕಿತ್ತೆಂಬುದರಲ್ಲಿ ಹುರುಳಿದೆ. ಅದಾನಿ ಸಮೂಹದೊಂದಿಗೆ 2015ರಲ್ಲಿ ಒಪ್ಪಂದವಾಗಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಕೆಲಸ ಆರಂಭವಾಯಿತು. ಸುಮಾರು 3 ಕಿಲೋಮೀಟರ್ ಉದ್ದದ ಅಲೆತಡೆ ಸಮುದ್ರದೊಳಕ್ಕೆ ಬೆಳೆಯತೊಡಗಿತು. ಉತ್ತರದ ವಲಿಯತುರ, ಶಂಖುಮುಖಂ ದಡಗಳಲ್ಲಿ ಕೊರೆತ ತೀವ್ರವಾಗಿ, ಮನೆ ಕಳೆದುಕೊಂಡ ಕುಟುಂಬಗಳು ವಲಿಯತುರದ ಸಿಮೆಂಟ್ ಗೋದಾಮಿನಲ್ಲಿ ಬಟ್ಟೆಯ ಮರೆ ಕಟ್ಟಿಕೊಂಡು ವರ್ಷಗಟ್ಟಲೆ ಬಾಳಿದವು. 2018ರ ಆಗಸ್ಟ್‌ನ ಮಹಾಪ್ರವಾಹದಲ್ಲಿ ತಮ್ಮ ದೋಣಿಗಳನ್ನು ಲಾರಿಗಳ ಮೇಲೇರಿಸಿಕೊಂಡು ಹೋಗಿ ಒಳನಾಡಿನ ಜನರನ್ನು ಕಾಪಾಡಿದವರೂ ಕೇರಳದ ಇದೇ ಮೀನುಗಾರ ಸಮುದಾಯದವರೆಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

2022ರ ಜುಲೈಯಲ್ಲಿ ತಿರುವನಂತಪುರದ ಲತೀನ್ ಮಹಾಧರ್ಮಪ್ರಾಂತ್ಯದ ನೇತೃತ್ವದಲ್ಲಿ ಹೋರಾಟ ಆರಂಭವಾಯಿತು. ಆಗಸ್ಟ್ 16ರಿಂದ ಅದು ಬಂದರಿನ ದ್ವಾರಕ್ಕೆ ಬಂತು. ಕೆಲಸ ನಿಲ್ಲಿಸಿ ದಡದ ಮೇಲಿನ ಪರಿಣಾಮವನ್ನು ಅಧ್ಯಯನ ಮಾಡಬೇಕು, ನಿರಾಶ್ರಿತರಿಗೆ ಮನೆ ಕೊಡಬೇಕು ಎಂಬುವು ಏಳು ಬೇಡಿಕೆಗಳಲ್ಲಿ ಮುಖ್ಯವಾದವು. ನವೆಂಬರ್ ಕೊನೆಯಲ್ಲಿ ಪೊಲೀಸ್ ಠಾಣೆಯ ಮೇಲೆ ನಡೆದ ದಾಳಿಯನ್ನು ಯಾವ ಕ್ರೈಸ್ತನೂ ಸಮರ್ಥಿಸಲಾರ. ಅದು ಹೋರಾಟದ ನೈತಿಕ ಬಲವನ್ನೇ ಕುಂದಿಸಿತು. ಡಿಸೆಂಬರ್ 6ರಂದು ಹೋರಾಟ ನಿಂತಿತು. ಬಾಡಿಗೆಗೆಂದು ತಿಂಗಳಿಗೆ 5,500 ರೂಪಾಯಿ ಕೊಡುವ ಭರವಸೆ ದೊರೆಯಿತು. ಸರ್ಕಾರ ತಜ್ಞರ ಸಮಿತಿಯನ್ನು ನೇಮಿಸಿತು, ಆದರೆ ಅದರಲ್ಲಿ ತಮ್ಮ ಕಡೆಯ ತಜ್ಞರಿರಬೇಕೆಂಬ ಬೇಡಿಕೆ ಈಡೇರಲಿಲ್ಲ. ಬಂದರಿನ ಕೆಲಸ ನಿಲ್ಲಲಿಲ್ಲ. 2025ರ ಮೇ 2ರಂದು ಅದು ಲೋಕಾರ್ಪಣೆಯಾಯಿತು.

ಕೊರೆತಕ್ಕೆ ಬಂದರು ಎಷ್ಟರಮಟ್ಟಿಗೆ ಕಾರಣವೆಂಬುದು ವಿವಾದದ ವಿಷಯ. ಬಂದರು ಬರುವ ಮೊದಲೂ ಆ ದಡದಲ್ಲಿ ಕೊರೆತವಿತ್ತು. ಹಳೆಯ ಮೀನುಗಾರಿಕಾ ಬಂದರಿನ ಅಲೆತಡೆ, ಹಳೆಯ ಕಡಲಗೋಡೆಗಳು, 2017ರ ಓಖಿಯಂಥ ಚಂಡಮಾರುತಗಳು ಎಲ್ಲವೂ ಪಾತ್ರ ವಹಿಸಿವೆ. ಓಖಿಯ ಹೊಡೆತಕ್ಕೆ ಕಟ್ಟುತ್ತಿದ್ದ ಅಲೆತಡೆಯ ಒಂದು ಭಾಗವೇ ಹಾಳಾಗಿತ್ತು. ಇವನ್ನೆಲ್ಲ ನಾವು ನಿರಾಕರಿಸುವುದಿಲ್ಲ. ನಮ್ಮ ಆಕ್ಷೇಪ ಬೇರೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರಲ್ಲಿ ಬಂದರಿಗೆ ಅನುಮತಿಯನ್ನು ಎತ್ತಿಹಿಡಿಯುವಾಗಲೇ ದಡದ ಬದಲಾವಣೆಯನ್ನು ಸತತವಾಗಿ ಗಮನಿಸಬೇಕೆಂದು ಷರತ್ತು ಹಾಕಿತ್ತು. ಅಂದರೆ ದಡ ಬದಲಾಗಬಹುದೆಂಬ ಸಂಶಯ ಮೊದಲೇ ಇತ್ತು. ಸಂಶಯವಿದ್ದ ಮೇಲೆ, ಬದಲಾದರೆ ಮರಳನ್ನು ಯಾರು ಹಿಂದಕ್ಕೆ ತರಬೇಕು, ಯಾರ ಹಣದಿಂದ, ಎಷ್ಟು ದಿನದೊಳಗೆ ಎಂಬುದು ಮೊದಲ ಕಲ್ಲಿಗಿಂತ ಮುಂಚೆ ಕಾಗದದ ಮೇಲೆ ಬರಬೇಕಿತ್ತು. ಹಾಗೆ ಬರದಿದ್ದಾಗ, ತನ್ನ ಮನೆ ಬಿದ್ದದ್ದು ಯಾರಿಂದ ಎಂದು ರುಜುವಾತುಪಡಿಸುವ ಹೊರೆ ಬಲೆ ಹೊಸೆಯುವವನ ಹೆಗಲಿಗೆ ಬೀಳುತ್ತದೆ. ಕಂಪನಿಯ ಬಳಿ ಉಪಗ್ರಹ ಚಿತ್ರಗಳಿವೆ, ವಕೀಲರಿದ್ದಾರೆ. ಇವನ ಬಳಿ ಇರುವುದು ಅಜ್ಜ ಹೇಳಿದ ದಡದ ನೆನಪು.

ಮರಳಿನ ಲೆಕ್ಕ ಕೊಡುವುದು ಅಸಾಧ್ಯವೆಂದು ಯಾರಾದರೂ ಹೇಳಿದರೆ ಅವರು ಆಸ್ಟ್ರೇಲಿಯದ ಟ್ವೀಡ್ ನದಿಯ ಕಥೆಯನ್ನು ಓದಬೇಕು. ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲೆಂಡ್ ರಾಜ್ಯಗಳ ಗಡಿಯಲ್ಲಿರುವ ಈ ನದಿಯ ಅಳಿವೆಯಲ್ಲಿ 1960ರ ದಶಕದಲ್ಲಿ ಕಲ್ಲಿನ ಗೋಡೆಗಳನ್ನು ಉದ್ದಗೊಳಿಸಲಾಯಿತು. ಉತ್ತರದ ಗೋಲ್ಡ್ ಕೋಸ್ಟಿನ ಪ್ರಸಿದ್ಧ ಬೀಚುಗಳು ಕರಗತೊಡಗಿದವು. ಎರಡು ಸರ್ಕಾರಗಳು ಬಹುಕಾಲ ಪರಸ್ಪರ ದೂರಿಕೊಂಡು, ಕೊನೆಗೆ ಜೊತೆಗೂಡಿ ಖರ್ಚು ಹಂಚಿಕೊಂಡವು. 2001ರಿಂದ ಅಳಿವೆಯ ದಕ್ಷಿಣದಲ್ಲಿ ಒಂದು ಜೆಟ್ಟಿಯ ಕೆಳಗಿನ ಪಂಪುಗಳು ಕೂಡಿಬಂದ ಮರಳನ್ನು ನೀರಿನೊಂದಿಗೆ ಹೀರಿ, ನದಿಯ ತಳದಡಿ ಹಾಯ್ದ ಕೊಳವೆಗಳ ಮೂಲಕ ಆಚೆ ದಡಕ್ಕೆ ದಾಟಿಸುತ್ತಿವೆ. ವರ್ಷಕ್ಕೆ ಸುಮಾರು 5 ಲಕ್ಷ ಘನ ಮೀಟರ್. ಆರಂಭದ ವರ್ಷಗಳಲ್ಲಿ ಮರಳು ಹೆಚ್ಚಾಯಿತೆಂದು, ಬೀಚು ಅಗಲವಾಗಿ ಅಲೆಯಾಟ ಕೆಟ್ಟಿತೆಂದು ಅಲ್ಲಿನ ಜನ ಗೊಣಗಿದರಂತೆ! ಅಂಥ ತಕರಾರು ಕೇಳುವ ಭಾಗ್ಯ ಉಳ್ಳಾಲಕ್ಕೂ ಬರಲಿ.

ಪರದೇಶದ ಮಾತೇಕೆ? ವಿಶಾಖಪಟ್ಟಣದಲ್ಲಿ ಹೊರಬಂದರು ಕಟ್ಟಿದ ಮೇಲೆ ಸವೆದ ರಾಮಕೃಷ್ಣ ಬೀಚಿಗೆ ಬಂದರು ಸಂಸ್ಥೆಯೇ ಹೂಳೆತ್ತಿದ ಮರಳನ್ನು ತಂದು ತುಂಬುವ ಪದ್ಧತಿ ಇದೆ. ಪುದುಚೇರಿಯಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ತಜ್ಞರು ನೀರಿನಲ್ಲಿ ಮುಳುಗಿರುವ ಬೆಣೆಯಾಕಾರದ ತಡೆಯೊಂದನ್ನು 2018ರಲ್ಲಿ ಇಳಿಸಿ, ಹೊರಗಿನಿಂದ ಮರಳನ್ನೂ ಪೂರೈಸಿದಾಗ, ಒಂದು ತಲೆಮಾರು ಕಂಡಿರದ ಬೀಚು ಪಟ್ಟಣದ ಮುಂದೆ ಮತ್ತೆ ಮೂಡಿತು. ಇಂಥ ವಿದ್ಯೆ ನಮ್ಮಲ್ಲಿದೆ. ಹೂಳೆತ್ತಿದ ಒಳ್ಳೆಯ ಮರಳನ್ನು ದೂರದ ಆಳಕ್ಕೆ ಸುರಿದು ಬರುವುದು ಅಗ್ಗವೆಂಬ ಕಾರಣಕ್ಕೆ ಹಾಗೆ ಮಾಡಿ, ಅದೇ ಜಿಲ್ಲೆಯ ದಡಕ್ಕೆ ಗುಡ್ಡ ಒಡೆದು ಕಲ್ಲು ತರುವುದು ಯಾವ ಲೆಕ್ಕಾಚಾರವೋ ನಮಗೆ ತಿಳಿಯದು.

ಹಾಗೆಂದು ಒಂದೂರಿನ ಮದ್ದು ಇನ್ನೊಂದೂರಿಗೆ ಆಗಲೇಬೇಕೆಂದಿಲ್ಲ. ಪೂರ್ವ ಕರಾವಳಿಯಲ್ಲಿ ಮರಳು ಒಟ್ಟಿನಲ್ಲಿ ಉತ್ತರಕ್ಕೆ ಸಾಗುತ್ತದೆ. ನಮ್ಮಲ್ಲಿ ಅದು ಋತುವಿಗೆ ತಕ್ಕಂತೆ ದಿಕ್ಕು ಬದಲಿಸುತ್ತದೆ. ಆದಕಾರಣ ಇಲ್ಲಿ ಸ್ಥಳದಲ್ಲೇ, ಮಳೆಗಾಲವೂ ಸೇರಿದಂತೆ, ಹಲವು ವರ್ಷ ಅಳೆಯದೆ ಏನನ್ನೂ ಖಚಿತವಾಗಿ ಹೇಳಲಾಗದು. ವಿಷಾದದ ಸಂಗತಿಯೆಂದರೆ ಮಳೆಗಾಲ ಹೊರತಾದ ಒಂದೇ ಋತುವಿನ ಅಂಕಿಅಂಶಗಳಿಂದ ಪರಿಸರ ವರದಿ ಸಿದ್ಧಪಡಿಸಲು ಅನೇಕ ಯೋಜನೆಗಳಿಗೆ ನಮ್ಮಲ್ಲಿ ಅವಕಾಶವಿದೆ. ಹುಲಿ ಮಲಗಿದ್ದಾಗ ಅಳೆದು ಅದರ ಹಾರುವ ದೂರವನ್ನು ಬರೆದಂತಾಯಿತು. ಚೆನ್ನೈಯ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿ, ದೇಶದ ಕರಾವಳಿಯ ಸುಮಾರು ಮೂರನೆಯ ಒಂದು ಭಾಗ ಸವೆಯುತ್ತಿದೆಯೆಂದು ಕಂಡುಕೊಂಡಿದೆ. ಇಷ್ಟು ದೊಡ್ಡ ಗಾಯಕ್ಕೆ ಒಂದು ಋತುವಿನ ಪರೀಕ್ಷೆ ಸಾಲದು.

ಅಳೆಯುವವರು ಕೇಳುವುದನ್ನೂ ಕಲಿಯಬೇಕು. ಮುಂಬಯಿಯ ಕರಾವಳಿ ರಸ್ತೆಗಾಗಿ ವರ್ಲಿಯಲ್ಲಿ ಸೇತುವೆಯ ಕಂಬಗಳನ್ನು 60 ಮೀಟರ್ ಅಂತರದಲ್ಲಿ ನಿಲ್ಲಿಸುವ ಯೋಜನೆಯಿತ್ತು. ಅಷ್ಟು ಕಿರಿದಾದ ಸಂದಿನಲ್ಲಿ ಅಲೆ, ಗಾಳಿಗಳ ನಡುವೆ ದೋಣಿ ಹಾಯಿಸುವುದು ಅಪಾಯವೆಂದು ಕೋಳಿ ಮೀನುಗಾರರು ಪಟ್ಟುಹಿಡಿದರು. ಪರಿಣತರ ಮುಂದೆ ಇವರದೇನು ಎಂಬ ಧೋರಣೆ ಮೊದಲಿತ್ತು. ಕೊನೆಗೆ 2022ರ ಅಂತ್ಯದ ವೇಳೆಗೆ ಅಂತರವನ್ನು 120 ಮೀಟರಿಗೆ ಹೆಚ್ಚಿಸಲು ಸರ್ಕಾರ ಒಪ್ಪಿತು. ಮೊದಲ ದಿನವೇ ದೋಣಿಯವನನ್ನು ಕೇಳಿದ್ದರೆ ವರ್ಷಗಳ ಜಗಳ ಉಳಿಯುತ್ತಿತ್ತು, ಹಣವೂ ಉಳಿಯುತ್ತಿತ್ತು. ಅದೇ ಯೋಜನೆಯಲ್ಲಿ 2020ರಲ್ಲಿ 18 ಹವಳದ ಗುಂಪುಗಳನ್ನು ಜೋಪಾನವಾಗಿ ಎತ್ತಿ ಬೇರೆಡೆ ನೆಟ್ಟರು. ಹವಳಕ್ಕೆ ತೋರಿದ ತಾಳ್ಮೆಯನ್ನು ಮನುಷ್ಯನಿಗೂ ತೋರಿಸುವುದು ಕಷ್ಟವಾಗಬಾರದು. ನಮ್ಮ ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಶರಾವತಿಯ ಅಳಿವೆಯ ಖಾಸಗಿ ಬಂದರು ಯೋಜನೆಯನ್ನು ಮೀನುಗಾರ ಕುಟುಂಬಗಳು ವರ್ಷಗಳಿಂದ ವಿರೋಧಿಸುತ್ತ ಬಂದಿವೆ. ಅಲ್ಲಿ ಹೆಂಗಸರು ಮೀನು ಒಣಗಿಸುವ ಮರಳಿನಲ್ಲೇ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಆಮೆಯ ಪರ ಮಾತಾಡುವವರೂ ಮೀನುಗಾರರ ಪರ ಮಾತಾಡುವವರೂ ಬೇರೆಬೇರೆ ಎಂದು ನಾವು ಭಾವಿಸುವುದೇ ತಪ್ಪು.

ಉಳಿದ ಎಚ್ಚರಗಳು ಸಣ್ಣವು, ಖರ್ಚೂ ಹೆಚ್ಚಿನದಲ್ಲ. ಹೂಳೆತ್ತುವಾಗ ಕೆಸರು ಹರಡದಂತೆ ನೀರಿನಲ್ಲಿ ಪರದೆ ಕಟ್ಟುವುದು, ಮೀನಿನ ಸಂತಾನವೃದ್ಧಿಯ ತಿಂಗಳುಗಳಲ್ಲಿ ಕಂಬ ಬಡಿಯುವ ಕೆಲಸ ನಿಲ್ಲಿಸುವುದು, ಕಾಂಡ್ಲಾ ಕಾಡು ಮುಟ್ಟದಿರುವುದು. ಜೂನ್ 1ರಿಂದ ಜುಲೈ 31ರವರೆಗೆ ಮೀನಿನ ಹಿತಕ್ಕಾಗಿ ಯಾಂತ್ರೀಕೃತ ದೋಣಿಗಳನ್ನು ನಾವೇ ದಡಕ್ಕೆ ಕಟ್ಟಿಹಾಕುತ್ತೇವೆ. ಅದೇ ಮೀನಿನ ತಲೆಯ ಮೇಲೆ ಗುತ್ತಿಗೆದಾರನ ಯಂತ್ರ ಬಡಿಯಬಹುದೆಂದಾದರೆ ಮೀನುಗಾರನಿಗೆ ಏನೆಂದು ಉತ್ತರಿಸುವುದು?

ಇಲ್ಲಿ ನಮ್ಮ ಮನೆಯಂಗಳವನ್ನೂ ನೋಡಿಕೊಳ್ಳಬೇಕು. ದಡಕ್ಕೆ ಮರಳು ತರುವವು ನದಿಗಳು. ನೇತ್ರಾವತಿಯ ಮರಳು ಸಮುದ್ರ ಸೇರುವ ಮೊದಲೇ ಲಾರಿ ಸೇರಿದರೆ ಉಳ್ಳಾಲಕ್ಕೆ ತಲುಪುವುದೇನು? ಕೊಲ್ಲಿ ದೇಶಗಳ ದುಡಿಮೆಯಿಂದ ಎರಡಂತಸ್ತಿನ ಮನೆ ಕಟ್ಟಿದ ನಮ್ಮವರಲ್ಲಿ ಆ ಮರಳು ಎಲ್ಲಿಂದ ಬಂತೆಂದು ಮೇಸ್ತ್ರಿಯನ್ನು ಕೇಳಿದವರು ಎಷ್ಟು ಮಂದಿ? ಕಡಲ ನೋಟ ಕಾಣಲೆಂದು ಕೇದಗೆಯ ಪೊದೆ ಕಡಿದು, ಮರಳದಿಣ್ಣೆ ಸಮತಟ್ಟು ಮಾಡಿ, ಕಾಂಪೌಂಡು ಗೋಡೆ ಎಬ್ಬಿಸಿದ ವಿಶ್ರಾಂತಿಗೃಹಗಳಲ್ಲಿ ನಮ್ಮವರದೂ ಇವೆ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ 1991ರಲ್ಲಿ ಬಂದಾಗಿನಿಂದ ಅದನ್ನು ಅಡ್ಡಿಯೆಂದೇ ಬಗೆದವರು ಹಲವರು. 2019ರ ಅಧಿಸೂಚನೆಯು ಜನಸಾಂದ್ರವಾದ ಗ್ರಾಮೀಣ ತೀರಗಳಲ್ಲಿ ನಿರ್ಮಾಣ ನಿಷಿದ್ಧ ಪಟ್ಟಿಯನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. ಕಾನೂನು ಅನುಮತಿಸಿದ ಮಾತ್ರಕ್ಕೆ ಸಮುದ್ರ ಅನುಮತಿಸಿದಂತಾಗದು. ತೀರದಲ್ಲಿ ಜಮೀನುಳ್ಳ ನಮ್ಮ ಧಾರ್ಮಿಕ ಸಂಸ್ಥೆಗಳು ಕಟ್ಟಡ ಕಟ್ಟುವಾಗ ಈ ಮಾತನ್ನು ಎಲ್ಲರಿಗಿಂತ ಮೊದಲು ನೆನೆಯಬೇಕು.

ದಿವಂಗತ ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ 'ಲೌದಾತೊ ಸಿ' ವಿಶ್ವಪತ್ರವನ್ನು ನಾವು ಗಿಡ ನೆಡುವ ಕಾರ್ಯಕ್ರಮಗಳಲ್ಲಿ ಹೆಸರಿಸುತ್ತೇವೆ, ಅದು ಒಳ್ಳೆಯದೇ. ಆದರೆ ಅದರ 183ನೆಯ ಪರಿಚ್ಛೇದವನ್ನು ಓದಿದವರು ಕಡಿಮೆ. ಪರಿಸರ ಪರಿಣಾಮದ ಅಧ್ಯಯನವು ವ್ಯಾಪಾರದ ಯೋಜನೆ ಸಿದ್ಧವಾದ ಮೇಲೆ ಬರುವ ಶಾಸ್ತ್ರವಾಗಬಾರದು, ಆರಂಭದಿಂದಲೇ ಅದರ ಅಂಗವಾಗಿರಬೇಕು, ಮಾತುಕತೆಯಲ್ಲಿ ಸ್ಥಳೀಯರಿಗೆ ವಿಶೇಷ ಸ್ಥಾನವಿರಬೇಕು ಎಂಬುದು ಅದರ ತಾತ್ಪರ್ಯ. ಎಂಜಿನಿಯರುಗಳೂ ಗುತ್ತಿಗೆದಾರರೂ ನಮ್ಮ ಸಮುದಾಯದಲ್ಲಿ ಸಾಕಷ್ಟಿದ್ದಾರೆ. ಆ ಪರಿಚ್ಛೇದ ಅವರಿಗೆ ಉಪದೇಶಕ್ಕಿಂತ ಹೆಚ್ಚಾಗಿ ಕೆಲಸದ ಸೂಚನೆಯಂತಿದೆ.

ಈ ಸೂಚನೆಯನ್ನು ಕಾರ್ಯರೂಪಕ್ಕೆ ತರುವ ಒಂದು ಬಾಗಿಲು ಈಗಾಗಲೇ ತೆರೆದಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಬಂದರಿನಂಥ ಯೋಜನೆಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು; ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು; ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ದೊರೆಯಬೇಕು. ಮೂಲ ವರದಿ ಇಂಗ್ಲಿಷಿನಲ್ಲಿ ನೂರಾರು ಪುಟವಿರುತ್ತದೆ. ಅದನ್ನು ಓದಿ, ದಡದ ಬಗ್ಗೆ ಬರೆದದ್ದನ್ನು ನಾಡದೋಣಿಯವರಿಗೆ ಅರ್ಥವಾಗುವಂತೆ ಬಿಡಿಸಿ ಹೇಳಬಲ್ಲ ತರುಣ ತರುಣಿಯರು ಕರಾವಳಿಯ ಪ್ರತಿ ಧರ್ಮಕೇಂದ್ರದಲ್ಲೂ ಇಬ್ಬರಾದರೂ ಇರುತ್ತಾರೆ. ಅವರು ಮೊಗವೀರರೊಡನೆ, ಖಾರ್ವಿಗಳೊಡನೆ, ಬ್ಯಾರಿ ಮೀನುಗಾರರೊಡನೆ ಒಂದೇ ಚಾಪೆಯ ಮೇಲೆ ಕುಳಿತು ಓದಲಿ, ಕೊರೆತಕ್ಕೆ ಮತಭೇದವಿಲ್ಲ. ಸಭೆಯಲ್ಲಿ ಘೋಷಣೆಗಿಂತ ಪ್ರಶ್ನೆ ಹೆಚ್ಚು ಕೆಲಸ ಮಾಡುತ್ತದೆ. ಯಾವ ತಿಂಗಳುಗಳಲ್ಲಿ ಅಳೆದಿರಿ, ತಡೆದ ಮರಳನ್ನು ಆಚೆ ದಡಕ್ಕೆ ಸಾಗಿಸಲು ಎಷ್ಟು ಹಣ ತೆಗೆದಿಟ್ಟಿದ್ದೀರಿ, ದಡ ಇಷ್ಟು ಮೀಟರ್ ಹಿಂದೆ ಸರಿದರೆ ಕೆಲಸ ನಿಲ್ಲಿಸುವಿರಾ ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಬೇಕು. ವಿಳಿಂಜಂನಲ್ಲಿ ಮುಂದಿನ ಹಂತಗಳಿಗಾಗಿ ಅಲೆತಡೆಯನ್ನು ಇನ್ನೂ ಸುಮಾರು ಒಂದು ಕಿಲೋಮೀಟರ್ ಬೆಳೆಸುವ ಯೋಜನೆಯಿದೆ. ಅಲ್ಲಿಯೂ ಈ ಪ್ರಶ್ನೆಗಳಿಗೆ ಕಾಲ ಮೀರಿಲ್ಲ.

ಅಹವಾಲು ಸಭೆಯ ಪ್ರಕಟಣೆ ಸಾಮಾನ್ಯವಾಗಿ ಒಳಪುಟದಲ್ಲಿ, ಸಣ್ಣ ಅಕ್ಷರಗಳಲ್ಲಿ, ಮರಣವಾರ್ತೆಗಳಿಂದ ಹೆಚ್ಚು ದೂರವಿಲ್ಲದ ಜಾಗದಲ್ಲಿ ಅಚ್ಚಾಗುತ್ತದೆ. ನಮ್ಮ ಓದುಗರಲ್ಲಿ ಅನೇಕರು ಬೆಳಿಗ್ಗೆ ಮೊದಲು ಬಿಡಿಸುವುದೇ ಆ ಪುಟವನ್ನು ಎಂಬುದು ನಮಗೆ ಗೊತ್ತು. ಫೋಟೋಗಳನ್ನು ನೋಡಿ ಮುಗಿಸಿದ ಮೇಲೆ ದೃಷ್ಟಿಯನ್ನು ಪಕ್ಕದ ಅಂಕಣಕ್ಕೂ ಒಮ್ಮೆ ಹಾಯಿಸಿ, ತಮ್ಮ ತೀರದ ಹೆಸರು ಕಂಡರೆ ಅದನ್ನು ಕತ್ತರಿಸಿ ಮುಂದಿನ ಭಾನುವಾರ ಬಲಿಪೂಜೆಗೆ ಬರುವಾಗ ಜೊತೆಗೆ ತರಬೇಕೆಂದು ಕೋರುತ್ತೇವೆ.